ಕಿವಿಗೆ ಬಿದ್ದ ಸುಳಿವು: ರೇಡಿಯೋ ಪತ್ತೇದಾರಿ ನಾಟಕಗಳ ಸೊಗಸು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಪಂಪನನ್ನೋ ಬಸವಣ್ಣನವರನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯಕ್ಕೆ ವಿದ್ವಾಂಸರಿದ್ದಾರೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿರುವವನು. ನಮ್ಮ ಕಾರ್ಯದರ್ಶಿಗಳು, "ತಮಗೆ ಯಾವುದು ಗೊತ್ತೋ ಅದನ್ನೇ ಹೇಳಿ ಸ್ವಾಮಿ" ಎಂದು ಅಪ್ಪಣೆ ಕೊಟ್ಟಾಗ ಯೋಚಿಸಿ ನೋಡಿದೆ. ನನಗೆ ಗೊತ್ತಿರುವುದು ಎರಡೇ: ಒಂದು ಲೆಕ್ಕ, ಇನ್ನೊಂದು ರೇಡಿಯೋದ ಪತ್ತೇದಾರಿ ನಾಟಕ. ಹಬ್ಬದ ದಿನ ಲೆಕ್ಕವನ್ನು ಕೇಳುವಷ್ಟು ಸಹನೆ ಯಾರಿಗಿದೆ? ಆದುದರಿಂದ ಎರಡನೆಯದನ್ನೇ ಆರಿಸಿಕೊಂಡಿದ್ದೇನೆ.

ಪತ್ತೇದಾರಿಗೂ ರಾಜ್ಯೋತ್ಸವಕ್ಕೂ ಏನು ನಂಟು ಎಂದು ಹುಬ್ಬೇರಿಸುವವರು ದಯಮಾಡಿ ಬಾಗಿಲಲ್ಲಿ ಕಟ್ಟಿರುವ ಹಳದಿ ಕೆಂಪು ಬಾವುಟವನ್ನು ಒಮ್ಮೆ ನೋಡಬೇಕು. 1960ರ ದಶಕದಲ್ಲಿ ಆ ಬಾವುಟವನ್ನು ರೂಪಿಸಿ ನಮ್ಮ ಕೈಗೆ ಕೊಟ್ಟವರು ಮ. ರಾಮಮೂರ್ತಿಯವರು. ವೀರಕೇಸರಿ ಸೀತಾರಾಮಶಾಸ್ತ್ರಿಗಳ ಮಗ, ಕನ್ನಡ ಚಳವಳಿಯ ಮುಂದಾಳು, 1967ರಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡ ದುರ್ದೈವಿ. ಇಷ್ಟನ್ನು ಅನೇಕರು ಬಲ್ಲರು. ಅವರು ಹೆಸರಾಂತ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರೆಂಬುದು ಮಾತ್ರ ಮರೆತುಹೋಗುತ್ತದೆ. ಕನ್ನಡಿಗರ ಬಾವುಟವೇ ಪತ್ತೇದಾರಿ ಬರೆದ ಕೈಯಿಂದ ಬಂದಿರುವಾಗ, ಪತ್ತೇದಾರಿಯ ಮಾತನ್ನು ಈ ವೇದಿಕೆಯಲ್ಲಿ ಆಡಲು ನಾನು ಸಂಕೋಚಪಡಬೇಕಾಗಿಲ್ಲ.

ಎನ್. ನರಸಿಂಹಯ್ಯನವರ ಹೆಸರನ್ನೂ ಇಲ್ಲಿ ನೆನೆಯಬೇಕು. ಶಾಲೆಯಲ್ಲಿ ಅವರು ಓದಿದ್ದು ನಾಲ್ಕನೆಯ ತರಗತಿ. ಬರೆದದ್ದು ಐನೂರಕ್ಕೂ ಮಿಕ್ಕ ಕಾದಂಬರಿಗಳು. ಅವರ ಪತ್ತೇದಾರ ಪುರುಷೋತ್ತಮ ಗಲ್ಲಿಯಲ್ಲಿ ನುಸುಳಿದರೆ ನಾಡಿನ ಹುಡುಗರೆಲ್ಲ ಅವನ ಬೆನ್ನ ಹಿಂದೆ ನುಸುಳುತ್ತಿದ್ದರು. ದೊಡ್ಡ ಗ್ರಂಥಗಳನ್ನು ಮುಟ್ಟದ ಎಷ್ಟೋ ಮಂದಿ ಕನ್ನಡ ಓದುವ ಚಟವನ್ನು ಹತ್ತಿಸಿಕೊಂಡದ್ದು ಆ ಸಣ್ಣ ಪುಸ್ತಕಗಳಿಂದ. ಇದು ಕಣ್ಣಿನ ಪತ್ತೇದಾರಿಯ ಮಾತಾಯಿತು. ನಾನು ಹೇಳಹೊರಟದ್ದು ಕಿವಿಯ ಪತ್ತೇದಾರಿ.

ಕಿವಿಯ ವಿಷಯದಲ್ಲಿ ಕನ್ನಡಿಗರೂ ಮದರಾಸಿನವರೂ ಭಾರತದಲ್ಲಿ ಮುಂದಿನ ಸಾಲಿನವರು. ಈ ನಗರದಲ್ಲಿ 1924ರಲ್ಲಿಯೇ ಮದರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಹುಟ್ಟಿ, ಆ ವರ್ಷದ ಜುಲೈ 31ರಂದು ಪ್ರಸಾರ ಮೊದಲಾಯಿತು. ಹಣವಿಲ್ಲದೆ 1927ರಲ್ಲಿ ಅದು ನಿಂತಿತು. 1930ರಿಂದ ಮದರಾಸಿನ ಕಾರ್ಪೊರೇಷನ್ನು ಆ ಕೆಲಸವನ್ನು ನಡೆಸಿತು; 1938ರ ಜೂನ್ 16ರಂದು ಸರ್ಕಾರದ ನಿಲಯ ಬಂದಿತು. ಅತ್ತ ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿಯೇ ಒಂದು ನಿಲಯವನ್ನು ತೆರೆದರು. ಆರಂಭದ ಪ್ರಸಾರಯಂತ್ರದ ಶಕ್ತಿ ಮೂವತ್ತು ವ್ಯಾಟ್, ಅಂದರೆ ದೇವರ ಮನೆಯ ಒಂದು ಬಲ್ಬಿನಷ್ಟು. ಆದರೆ ಅದಕ್ಕಿಟ್ಟ ಹೆಸರು 'ಆಕಾಶವಾಣಿ'. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಆ ಹೆಸರನ್ನು ಹೊತ್ತುಕೊಂಡಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಅದೊಂದನ್ನೇ ಉಳಿಸಿಕೊಂಡಿತು. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರೆಂಬುದನ್ನು ಗಮನಿಸಬೇಕು. ಕಾಣದ ಬಾಯಿಂದ ಬಂದ ಮಾತು ಮನಸ್ಸಿನಲ್ಲಿ ಏನೇನು ಮಾಡುತ್ತದೆ ಎಂಬ ಕುತೂಹಲ ಅಂಥವರಿಗೇ ಅಲ್ಲವೆ ಇರುವುದು?

ಈ ಕುತೂಹಲ ನಮ್ಮ ಪುರಾಣಗಳಿಗೂ ಇತ್ತು. ಕಣ್ಣಿಲ್ಲದ ಧೃತರಾಷ್ಟ್ರನಿಗೆ ಸಂಜಯನು ಯುದ್ಧವನ್ನು ಹೇಳುತ್ತಾನೆ. ರೇಡಿಯೋ ಕೇಳುವವರೆಲ್ಲ ಆ ಒಂದು ಗಳಿಗೆ ಧೃತರಾಷ್ಟ್ರರೇ. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ದಶರಥನ ಕಥೆ. ಕತ್ತಲಲ್ಲಿ ಹೊಳೆಯ ದಡದಿಂದ ಗುಳುಗುಳು ಸದ್ದು ಬಂತು. ಆನೆ ನೀರು ಕುಡಿಯುತ್ತಿದೆ ಎಂದು ಊಹಿಸಿ ದೊರೆ ಶಬ್ದವೇಧಿ ಬಾಣವನ್ನು ಬಿಟ್ಟ. ಅಲ್ಲಿದ್ದದ್ದು ತಂದೆತಾಯಿಗಳಿಗೆ ಕೊಡದಲ್ಲಿ ನೀರು ತುಂಬುತ್ತಿದ್ದ ಶ್ರವಣಕುಮಾರ. ಗುರಿ ತಪ್ಪಲಿಲ್ಲ, ಕಿವಿಯೂ ತಪ್ಪಲಿಲ್ಲ, ತಪ್ಪಿದ್ದು ಊಹೆ. ರೇಡಿಯೋ ಪತ್ತೇದಾರಿ ನಾಟಕದ ಗುಟ್ಟೆಲ್ಲ ಈ ಒಂದು ಪ್ರಸಂಗದಲ್ಲಿದೆ. ನಾವು ಕೇಳಿದ ಸದ್ದು ನಿಜವೇ. ಅದರಿಂದ ನಾವು ಕಟ್ಟಿಕೊಂಡ ಅರ್ಥ ಮಾತ್ರ ಸುಳ್ಳು. ನಾಟಕದ ಕೊನೆಯಲ್ಲಿ ಪತ್ತೇದಾರನು ಅದೇ ಸದ್ದಿಗೆ ಇನ್ನೊಂದು ಅರ್ಥ ಹೇಳಿದಾಗ, "ಅಯ್ಯೋ, ನನ್ನ ಕಿವಿಗೂ ಬಿದ್ದಿತ್ತಲ್ಲ!" ಎಂದು ಹಣೆ ಚಚ್ಚಿಕೊಳ್ಳುತ್ತೇವೆ. ಆ ಚಚ್ಚಿಕೊಳ್ಳುವಿಕೆಯೇ ಅದರ ಸುಖ.

ಸಿನಿಮಾದಲ್ಲಿ ನಿರ್ದೇಶಕನು ಸುಳಿವನ್ನು ಅಡಗಿಸಬೇಕಾದರೆ ಕ್ಯಾಮರಾವನ್ನು ಬೇರೆ ಕಡೆಗೆ ತಿರುಗಿಸಿಬಿಡಬಹುದು. ರೇಡಿಯೋದಲ್ಲಿ ಅಂಥ ಉಪಾಯ ಕಡಿಮೆ. ಗಡಿಯಾರ ಹತ್ತು ಹೊಡೆಯಬೇಕಾದಲ್ಲಿ ಒಂಬತ್ತೇ ಹೊಡೆದರೆ, ನಾಯಿ ಬೊಗಳಬೇಕಾದಲ್ಲಿ ಸುಮ್ಮನಿದ್ದರೆ, ಕುಂಟನೆಂದು ಹೇಳಿಕೊಂಡವನ ಹೆಜ್ಜೆ ಮೆಟ್ಟಿಲ ಮೇಲೆ ಸಮನಾಗಿ ಕೇಳಿಸಿದರೆ, ಪತ್ತೇದಾರನಿಗೂ ನಮಗೂ ಒಂದೇ ಕ್ಷಣದಲ್ಲಿ ಅದು ಸಿಕ್ಕುತ್ತದೆ. ಇಬ್ಬರ ಬಂಡವಾಳವೂ ಒಂದೇ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಗುಪ್ತ ಖಾತೆಯೇ ಇಲ್ಲ.

ಲೆಕ್ಕದ ಮಾತು ಬೇಡವೆಂದವನು ಒಂದೇ ಒಂದು ಉದಾಹರಣೆ ಕೊಡುತ್ತೇನೆ, ಕ್ಷಮಿಸಬೇಕು. ವಾಣಿಜ್ಯ ಓದಿದವರಿಗೆಲ್ಲ ಕಲಿಸುವ ಒಂದು ಹಳೆಯ ಸೂತ್ರವಿದೆ. ತಾಳೆ ಪಟ್ಟಿಯ ಎರಡು ಕಡೆಯ ಮೊತ್ತಗಳು ಕೂಡಿಬರದೆ, ಆ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದಾದರೆ, ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದೆಂದು ಹುಡುಕಬೇಕು. 720 ಎಂಬುದನ್ನು 270 ಎಂದು ಬರೆದರೆ ವ್ಯತ್ಯಾಸ 450. ಅದು ಒಂಬತ್ತರ ಐವತ್ತು ಪಟ್ಟು. ಲೆಕ್ಕದ ಪುಸ್ತಕ ಹೇಗೆ ತನ್ನ ತಪ್ಪಿನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ ನೋಡಿ! ಇಂದು ಗಣಕಯಂತ್ರವೇ ಕೂಡುತ್ತದೆ, ಕಳೆಯುತ್ತದೆ. ಆದರೂ ಆ ಸೂತ್ರದ ಮೇಲೆ ನನಗೆ ಪ್ರೀತಿ. ಒಳ್ಳೆಯ ಪತ್ತೇದಾರಿ ನಾಟಕವೂ ಅಂಥದೇ. ಕಳ್ಳನನ್ನು ಹಿಡಿಯುವುದು ಪಿಸ್ತೂಲಲ್ಲ, ತಾಳೆ.

ಇನ್ನು ಆ ಸದ್ದುಗಳ ತಯಾರಿಕೆ. ತೆಂಗಿನ ಚಿಪ್ಪಿನ ಎರಡು ಹೋಳುಗಳನ್ನು ಬಡಿದರೆ ಕುದುರೆ ಓಡುತ್ತದೆ. ತಗಡಿನ ಹಾಳೆಯನ್ನು ಅಲುಗಿಸಿದರೆ ಗುಡುಗು. ಸೆಲೊಫೇನ್ ಕಾಗದವನ್ನು ಮೈಕಿನ ಬಳಿ ಮುದುಡಿದರೆ ಮನೆ ಹೊತ್ತಿ ಉರಿಯುತ್ತದೆ. ಜಲ್ಲಿ ತುಂಬಿದ ತಟ್ಟೆಯಲ್ಲಿ ಹೆಜ್ಜೆಯಿಟ್ಟರೆ ತೋಟದ ದಾರಿಯಲ್ಲಿ ಯಾರೋ ಬರುತ್ತಾರೆ. ನಟನು ಮೈಕಿನಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದರೆ ಬೀದಿಯ ಆಚೆ ನಿಂತಂತೆ. ತುಟಿಯನ್ನು ಮೈಕಿಗೆ ತಾಗಿಸಿ ಪಿಸುಗುಟ್ಟಿದರೆ ನಮ್ಮ ಮನಸ್ಸಿನೊಳಗೇ ಹೊಕ್ಕಂತೆ. ಪರದೆಯಿಲ್ಲ, ಬಣ್ಣವಿಲ್ಲ, ಬಾಡಿಗೆಯ ಕಿರೀಟವಿಲ್ಲ. ಉಳಿದ ಖರ್ಚೆಲ್ಲ ಕೇಳುವವನ ಕಲ್ಪನೆಯ ಖಾತೆಗೆ ಬೀಳುತ್ತದೆ. ಬೆಂಗಳೂರು ನಿಲಯದ ಎ.ಎಸ್. ಮೂರ್ತಿಯವರು ನಾಡಿಗೆಲ್ಲ 'ಆಕಾಶವಾಣಿ ಈರಣ್ಣ' ಆದದ್ದು ಮುಖದಿಂದಲ್ಲ, ದನಿಯಿಂದ.

ಹೊರದೇಶಗಳಲ್ಲಿ ಈ ಕಲೆ ಹೇಗೆ ಬೆಳೆಯಿತೆಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಷರ್ಲಾಕ್ ಹೋಮ್ಸ್ ಅಮೆರಿಕದ ರೇಡಿಯೋಗೆ 1930ರಲ್ಲಿಯೇ ಬಂದ. ಡಾಕ್ಟರ್ ವಾಟ್ಸನ್ ರೇಡಿಯೋಗೆಂದೇ ಹುಟ್ಟಿದವನಂತಿದ್ದ; ಹೋಮ್ಸ್ ಕಂಡದ್ದನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಲೇಬೇಕಷ್ಟೆ, ಅವನು ಮಿತ್ರನಿಗೆ ಹೇಳಿದ್ದೇ ನಮಗೆ ಹೇಳಿದಂತೆ. ಇಂಗ್ಲೆಂಡಿನ ಬಿಬಿಸಿಯಲ್ಲಿ 1946ರಿಂದ 1951ರವರೆಗೆ ಡಿಕ್ ಬಾರ್ಟನ್ ಎಂಬ ಗೂಢಚಾರನ ಕಥೆ ಸಂಜೆಯ ಹೊತ್ತು ಕಾಲು ಗಂಟೆಯಂತೆ 711 ಕಂತುಗಳಲ್ಲಿ ಓಡಿತು. ಅಗಾಥಾ ಕ್ರಿಸ್ಟಿಯವರು ರಾಣಿ ಮೇರಿಯವರ ಎಂಬತ್ತನೆಯ ಹುಟ್ಟುಹಬ್ಬಕ್ಕಾಗಿ ಬಿಬಿಸಿಗೆ ಒಂದು ಪುಟ್ಟ ನಾಟಕ ಬರೆದುಕೊಟ್ಟರು. ಅದು 1947ರ ಮೇ 30ರಂದು ಪ್ರಸಾರವಾಯಿತು. ಅದೇ ಬೆಳೆದು 1952ರಲ್ಲಿ 'ದಿ ಮೌಸ್‌ಟ್ರ್ಯಾಪ್' ಎಂಬ ರಂಗನಾಟಕವಾಗಿ, ಕೋವಿಡ್ ಕಾಲದ ಬಿಡುವನ್ನು ಬಿಟ್ಟರೆ, ಲಂಡನ್ನಿನಲ್ಲಿ ಇಂದಿಗೂ ಆಡುತ್ತಿದೆ. ಇಷ್ಟು ದೀರ್ಘಾಯುವಾದ ಮಗು ಹುಟ್ಟಿದ್ದು ರೇಡಿಯೋ ತೊಟ್ಟಿಲಲ್ಲಿ!

ಇವೆಲ್ಲಕ್ಕಿಂತ ನನಗೆ ಮೆಚ್ಚಿಗೆಯಾದದ್ದು 1943ರ ಮೇ 25ರಂದು ಅಮೆರಿಕದ 'ಸಸ್ಪೆನ್ಸ್' ಮಾಲೆಯಲ್ಲಿ ಬಂದ 'ಸಾರಿ, ರಾಂಗ್ ನಂಬರ್'. ಬರೆದವರು ಲ್ಯೂಸಿಲ್ ಫ್ಲೆಚರ್, ಮುಖ್ಯ ಪಾತ್ರ ಆಗ್ನೆಸ್ ಮೂರ್‌ಹೆಡ್ ಅವರದು. ಹಾಸಿಗೆ ಹಿಡಿದ ಹೆಂಗಸು ಮನೆಯಲ್ಲಿ ಒಬ್ಬಳೇ. ಟೆಲಿಫೋನ್ ತಂತಿಗಳು ಕೂಡಿಕೊಂಡು, ಯಾರೋ ಇಬ್ಬರು ಒಂದು ಕೊಲೆಯ ಏರ್ಪಾಟು ಮಾಡುತ್ತಿರುವ ಮಾತು ಅವಳ ಕಿವಿಗೆ ಬೀಳುತ್ತದೆ. ಆಪರೇಟರಿಗೆ ಹೇಳುತ್ತಾಳೆ, ಪೋಲೀಸಿಗೆ ಹೇಳುತ್ತಾಳೆ, ಯಾರೂ ಕಿವಿಗೊಡರು. ಅವಳಿಗೆ ಟೆಲಿಫೋನ್ ಬಿಟ್ಟರೆ ಗತಿಯಿಲ್ಲ, ನಮಗೆ ರೇಡಿಯೋ ಬಿಟ್ಟರೆ ಗತಿಯಿಲ್ಲ. ಅವಳಿಗೆ ಎಷ್ಟು ಕೇಳಿಸುತ್ತದೋ ನಮಗೂ ಅಷ್ಟೇ. ಮುಂದೇನಾಯಿತೆಂದು ಹೇಳಿದರೆ ಪಾಪ ತಟ್ಟೀತು, ಕೇಳಿಯೇ ತಿಳಿಯಬೇಕು.

ನಮ್ಮ ದೇಶಕ್ಕೆ ಬಂದರೆ, 1957ರ ಅಕ್ಟೋಬರ್ 3ರಂದು ಶುರುವಾದ ವಿವಿಧ ಭಾರತಿಗೆ 1967ರಿಂದ ಜಾಹೀರಾತುಗಳು ಬಂದವು, ಅವುಗಳ ಬೆನ್ನಿಗೆ ಪ್ರಾಯೋಜಿತ ಕಾರ್ಯಕ್ರಮಗಳು. 'ಇನ್‌ಸ್ಪೆಕ್ಟರ್ ಈಗಲ್' ಎಂಬ ಹಿಂದಿ ಪತ್ತೇದಾರಿ ಮಾಲೆಯನ್ನು ಇಲ್ಲಿ ಕುಳಿತಿರುವ ಹಿರಿಯರು ಕೆಲವರಾದರೂ ಕೇಳಿರಬೇಕು. ಅದನ್ನು ನಡೆಸಿಕೊಟ್ಟವರು ಈಗಲ್ ಫ್ಲಾಸ್ಕಿನವರು. ಮನೆಯ ಕಾಫಿಯನ್ನು ಬಿಸಿಯಾಗಿಡುವವರೇ ಕುತೂಹಲವನ್ನೂ ಬಿಸಿಯಾಗಿಟ್ಟರು ಎನ್ನಬಹುದು.

ಮದರಾಸಿನದೇ ಒಂದು ಪತ್ತೇದಾರಿ ಕೃತಿಯನ್ನು ಹೇಳದಿದ್ದರೆ ಅನ್ನವಿತ್ತ ಊರಿಗೆ ಕೃತಘ್ನರಾದಂತೆ. 1954ರಲ್ಲಿ ಎಸ್. ಬಾಲಚಂದರ್ ಅವರ ನಿರ್ದೇಶನದಲ್ಲಿ ಎ.ವಿ.ಎಂ. ಸಂಸ್ಥೆ ತೆಗೆದ 'ಅಂದ ನಾಳ್' ಚಿತ್ರದಲ್ಲಿ ಒಂದೂ ಹಾಡಿಲ್ಲ. ಜಪಾನೀ ವಿಮಾನ ಮದರಾಸಿನ ಮೇಲೆ ಬಾಂಬು ಹಾಕಿದ 1943ರ ದಿನಗಳ ಕಥೆ ಅದು. ಕೊಲೆಯಾಗುವವನು ಯಾರೆಂದು ಬಲ್ಲಿರಾ? ಒಬ್ಬ ರೇಡಿಯೋ ಎಂಜಿನಿಯರ್! ಆ ಪಾತ್ರ ಶಿವಾಜಿ ಗಣೇಶನ್ ಅವರದು. ಅವನ ಹೆಂಡತಿಯ ಪಾತ್ರ ನಮ್ಮ ಭಟ್ಕಳದ ಪಂಡರಿಬಾಯಿಯವರದು. ಅದೇ ವರ್ಷ ಅವರು 'ಬೇಡರ ಕಣ್ಣಪ್ಪ'ದಲ್ಲಿ ರಾಜಕುಮಾರರ ಜೊತೆಗಾತಿ. ಕನ್ನಡದ ಹೆಣ್ಣುಮಗಳೊಬ್ಬಳು ಈ ಊರಿನಲ್ಲಿ ಎರಡು ಭಾಷೆಗಳಲ್ಲಿ ಒಂದೇ ಸಮನಾಗಿ ಬೆಳಗಿದಳು. ಎರಡು ಭಾಷೆಗಳನ್ನು ಸಾಕುವುದು ಅಸಾಧ್ಯವೆನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಇನ್ನು ನಮ್ಮ ಮನೆಗಳ ಮಾತು. 1950ರ ಜನವರಿ 8ರಂದು ಧಾರವಾಡ ನಿಲಯ, 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾದವು. ಬೆಂಗಳೂರು ಇಲ್ಲಿಂದ ರೈಲಿನಲ್ಲಿ 360 ಕಿಲೋಮೀಟರಿನಷ್ಟು ದೂರ. ಹಗಲಲ್ಲಿ ಮಧ್ಯಮ ತರಂಗವನ್ನು ಮೇಲಿನ ವಾಯುಮಂಡಲದ ಒಂದು ಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಚೆಂಡಿನಂತೆ ಪುಟಿದು ದೂರದೂರಿಗೆ ಬೀಳುತ್ತವೆ. ಹೀಗಾಗಿ ಮದರಾಸಿನ ಕನ್ನಡಿಗರಿಗೆ ತವರು ರಾತ್ರಿಯ ಹೊತ್ತು ಹತ್ತಿರವಾಗುತ್ತಿತ್ತು. ಹಿರಿಯರು ಹೇಳುವುದನ್ನು ಕೇಳಿದ್ದೇನೆ: ಊಟ ಮುಗಿಸಿ, ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ, ಬೆಂಗಳೂರನ್ನು ಹಿಡಿದು, ಇಡೀ ಮನೆ ಉಸಿರು ಬಿಗಿಹಿಡಿದು ಕುಳಿತಿರುತ್ತಿತ್ತು. ಪತ್ತೇದಾರನು "ಹಾಗಾದರೆ ಕೊಲೆಗಾರ ಬೇರಾರೂ ಅಲ್ಲ" ಎನ್ನುವ ಹೊತ್ತಿಗೆ ಸರಿಯಾಗಿ ಅಲೆ ಕುಗ್ಗಿ ದನಿ ಅಡಗುತ್ತಿತ್ತು. ನವೆಂಬರಿನ ಮಳೆಗಾಲವಾದರೆ ಸಿಡಿಲಿನ ಚಟಪಟ ಬೇರೆ. ಕೊಲೆಗಾರ ಯಾರೆಂಬುದನ್ನು ಮರುದಿನ ನೆರೆಮನೆಯ ಕನ್ನಡದವರನ್ನು ಕೇಳಿ ತಿಳಿಯಬೇಕು. ಅವರಿಗೂ ಕೇಳಿಸದಿದ್ದರೆ ಎರಡು ಮನೆಯವರೂ ಸೇರಿ ಚರ್ಚಿಸಿ ಒಬ್ಬನನ್ನು ಗಲ್ಲಿಗೇರಿಸಬೇಕು! ನಾಟಕ ಅರ್ಧ ಗಂಟೆ, ಅದರ ಮಾತು ಒಂದು ವಾರ.

ಆ ಕಾಲ ಹೋಯಿತು. ಅಮೆರಿಕದಲ್ಲಿ 1962ರ ಸೆಪ್ಟೆಂಬರ್ 30ರಂದು 'ಸಸ್ಪೆನ್ಸ್' ಮುಗಿದಾಗ ಹಳೆಯ ರೇಡಿಯೋ ನಾಟಕಯುಗವೇ ಮುಗಿಯಿತೆನ್ನುತ್ತಾರೆ. ಮದರಾಸಿಗೆ ದೂರದರ್ಶನ 1975ರ ಆಗಸ್ಟ್ 15ರಂದು ಬಂತು. ಹೋದ ಕಾಲಕ್ಕೆ ಕಣ್ಣೀರಿಡಲು ನಾನಿಲ್ಲಿ ನಿಂತಿಲ್ಲ. ನನ್ನ ಚಿಂತೆ ಬೇರೆಯದು, ಅದನ್ನು ತಮ್ಮ ಮುಂದಿಡಲೆಂದೇ ಇಷ್ಟು ದೂರ ಬಂದೆ.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಸಂತೋಷ. ಎಂಥ ಕನ್ನಡ? "ಹಸಿವಾಗ್ತಿದೆ", "ಸ್ನಾನ ಆಯ್ತು", "ಅಜ್ಜಿ ಮಲಗಿದ್ದಾರೆ", "ಇನ್ನೊಂದು ದೋಸೆ ಹಾಕಮ್ಮ". ಇದು ಅಡುಗೆಮನೆಯ ಕನ್ನಡ. ಪ್ರೀತಿಯ ಕನ್ನಡವೇ, ಅಲ್ಲಗಳೆಯುವುದಿಲ್ಲ. ಆದರೆ ಆ ಮಗು ವಾದಿಸಬೇಕಾದಾಗ, ಕಾರಣ ಕೊಡಬೇಕಾದಾಗ, ಅನುಮಾನಪಡಬೇಕಾದಾಗ, ಕೂಡಲೇ ಇಂಗ್ಲಿಷಿಗೋ ತಮಿಳಿಗೋ ದಾಟಿಬಿಡುತ್ತದೆ. "ಅವನು ಆಗಲೇ ಬಂದಿದ್ದರೆ ಬಾಗಿಲು ತೆರೆದಿರಬೇಕಿತ್ತು, ತೆರೆದಿರಲಿಲ್ಲ, ಆದ್ದರಿಂದ ಅವನು ಬಂದಿರಲಾರ" ಎಂಬ ಒಂದು ವಾಕ್ಯವನ್ನು ಹತ್ತು ವರ್ಷದ ಎಷ್ಟು ಮಕ್ಕಳು ಕನ್ನಡದಲ್ಲಿ ತಡವರಿಸದೆ ಹೇಳಿಯಾರು? ತಂದೆತಾಯಂದಿರು ಇಂದು ರಾತ್ರಿಯೇ ಪರೀಕ್ಷಿಸಿ ನೋಡಬಹುದು. ಆಲೋಚನೆ ಮಾಡಲು ಒದಗದ ಭಾಷೆ ಒಂದು ತಲೆಮಾರಿನ ಹೊತ್ತಿಗೆ ಹಬ್ಬದ ದಿನ ಉಡುವ ಸೀರೆಯಾಗುತ್ತದೆ. ಇನ್ನೊಂದು ತಲೆಮಾರಿಗೆ ಪೆಟ್ಟಿಗೆ ಸೇರುತ್ತದೆ.

ಪತ್ತೇದಾರಿ ನಾಟಕವೆಂದರೆ ಮೊದಲಿನಿಂದ ಕೊನೆಯವರೆಗೆ ಇಂಥ ವಾಕ್ಯಗಳೇ. 'ಇದ್ದರೆ', 'ಇಲ್ಲದಿದ್ದರೆ', 'ಇರಲಾರದು', 'ಹಾಗಾದ ಮೇಲೆ', 'ಅದು ಹೇಗೆ ಸಾಧ್ಯ?' ಇಷ್ಟು ತರ್ಕವನ್ನು ಯಾವ ವ್ಯಾಕರಣದ ಪುಸ್ತಕವಾದರೂ ಮಗುವಿಗೆ ನಿದ್ದೆ ಬಾರದಂತೆ ಹೇಳಿಕೊಟ್ಟೀತೆ? ಜೊತೆಗೆ ಕಿವಿ ಹರಿತವಾಗುತ್ತದೆ. ಹಳ್ಳಿ ಬೇರೆ, ಹಲ್ಲಿ ಬೇರೆ. ಮನೆ ಬೇರೆ, ಮಣೆ ಬೇರೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ಮಹಾಪ್ರಾಣವಿಲ್ಲ. ಅದು ಆ ಲಿಪಿಯ ದೋಷವಲ್ಲ, ಅದರ ರೀತಿ. ಇಲ್ಲಿ ಶಾಲೆಗೆ ಹೋಗುವ ಕನ್ನಡದ ಮಗುವಿಗೆ ಮಾತ್ರ ಈ ಭೇದಗಳನ್ನು ಕಿವಿಯೇ ಕಲಿಸಬೇಕು. ಧಾರವಾಡದ "ಏನ್ರೀ", ಮಂಗಳೂರಿನ ಬಿಡಿಬಿಡಿ ಮಾತು, ಮೈಸೂರಿನ ಮೆಲುದನಿ, ಇವು ನಾಟಕದಲ್ಲಿ ಸುಳಿವುಗಳಾಗಿ ಬಂದರೆ ಮಗು ಕರ್ನಾಟಕದ ಭೂಪಟವನ್ನೇ ಕಿವಿಯಲ್ಲಿ ಕಲಿಯುತ್ತದೆ.

ಆದುದರಿಂದ ಸಂಘಕ್ಕೆ ನನ್ನದೊಂದು ಬಿನ್ನಹ. ತಿಂಗಳಿಗೊಂದು ಸಂಜೆ ಈ ಸಭಾಂಗಣದಲ್ಲಿ ಪರದೆ ಎಳೆದು, ಅದರ ಹಿಂದೆ ಒಂದು ಮೈಕು ಇಟ್ಟು, ನಮ್ಮವರೇ ಅರ್ಧ ಗಂಟೆಯ ಪತ್ತೇದಾರಿ ನಾಟಕವನ್ನು ಆಡಲಿ. ಮಿಕ್ಕವರು ದೀಪ ತಗ್ಗಿಸಿ ಕೇಳಲಿ. ಕೊನೆಯ ಐದು ನಿಮಿಷಕ್ಕೆ ಮುಂಚೆ ನಾಟಕವನ್ನು ನಿಲ್ಲಿಸಿ, ಅಪರಾಧಿ ಯಾರೆಂದು ಮಕ್ಕಳನ್ನು ಕೇಳೋಣ. ಉತ್ತರ ತಪ್ಪಿದ್ದರೂ ಚಿಂತೆಯಿಲ್ಲ. ಕಾರಣ ಮಾತ್ರ ಕನ್ನಡದಲ್ಲಿರಬೇಕು. ಖರ್ಚಿನ ಪಟ್ಟಿಯನ್ನು ನಾನೇ ಹಾಕಿದ್ದೇನೆ: ಒಂದು ತಗಡು, ಒಂದು ತಟ್ಟೆ ಜಲ್ಲಿ, ಒಂದು ಗಂಟೆ, ಎರಡು ತೆಂಗಿನ ಚಿಪ್ಪು. ಚಿಪ್ಪುಗಳು ಇಂದಿನ ಊಟದ ಚಟ್ನಿಯಿಂದಲೇ ದೊರಕಿವೆ ಎಂದು ಅಡುಗೆಯವರು ತಿಳಿಸಿದ್ದಾರೆ.

ಎರಡು ಆಕ್ಷೇಪಗಳನ್ನು ಊಹಿಸಬಲ್ಲೆ. ಕನ್ನಡ ಓದಲು ಬಾರದ ಮಕ್ಕಳು ಪಾತ್ರ ವಹಿಸುವುದೆಂತು? ಮೊದಮೊದಲು ಅವರ ಮಾತುಗಳನ್ನು ತಮಿಳು ಅಥವಾ ಇಂಗ್ಲಿಷ್ ಅಕ್ಷರದಲ್ಲಿಯೇ ಬರೆದುಕೊಡೋಣ. ಇದನ್ನು ಕೇಳಿ ಕೆಲವು ಹಿರಿಯರು ಮುಖ ಸಿಂಡರಿಸುವುದು ಇಲ್ಲಿಂದಲೇ ಕಾಣುತ್ತಿದೆ. ಅಕ್ಷರ ಬಾರದೆಂದು ಮಗುವನ್ನು ಹೊರಗೆ ನಿಲ್ಲಿಸಿದರೆ ಅದು ಅಕ್ಷರವನ್ನೂ ಕಲಿಯದು, ಮಾತನ್ನೂ ಉಳಿಸಿಕೊಳ್ಳದು. ನಾಲಗೆಗೆ ರುಚಿ ಹತ್ತಿದರೆ ಅದೇ ಅಕ್ಷರವನ್ನು ಕೇಳಿಕೊಂಡು ಬರುತ್ತದೆ; ನರಸಿಂಹಯ್ಯನವರ ಪುಸ್ತಕಗಳು ಒಂದು ಕಾಲದಲ್ಲಿ ಮಾಡಿದ ಉಪಕಾರ ಇದೇ ಅಲ್ಲವೆ? ಎರಡನೆಯ ಆಕ್ಷೇಪ, ಮಕ್ಕಳ ಮುಂದೆ ಕಳ್ಳತನ ಕೊಲೆಗಳ ಕಥೆ ತಕ್ಕುದೆ ಎಂಬುದು. ಹಾಗಿದ್ದರೆ ಕಳುವಾದ ಉಂಗುರದ ಕಥೆ ಮಾಡೋಣ, ಮಾಯವಾದ ಹೋಳಿಗೆಯ ಕಥೆ ಮಾಡೋಣ. ರೇಡಿಯೋ ನಾಟಕದಲ್ಲಿ ರಕ್ತ ಕಾಣುವುದಿಲ್ಲ. ಸುಳ್ಳು ಹೇಳುವವನ ದನಿ ನಡುಗುವುದು ಮಾತ್ರ ಕೇಳಿಸುತ್ತದೆ. ಸುಳ್ಳು ಹೇಗೆ ಕೇಳಿಸುತ್ತದೆಂದು ಬಲ್ಲ ಮಗುವಿಗೆ ಈ ಕಾಲದಲ್ಲಿ ರಕ್ಷಣೆ ಹೆಚ್ಚೇ ಹೊರತು ಕಡಿಮೆಯಲ್ಲ. ಫೋನಿನಲ್ಲಿ ಸವಿಮಾತಾಡಿ ಗುಟ್ಟಿನ ಸಂಖ್ಯೆ ಕೇಳುವ ಮೋಸಗಾರರ ವಿಷಯದಲ್ಲಿ ಬ್ಯಾಂಕಿನ ನಾವು ದಿನವೂ ಎಚ್ಚರಿಸುವುದು ಇದನ್ನೇ: ದನಿಯನ್ನು ನಂಬಬೇಡಿ, ಮಾತನ್ನು ತಾಳೆ ನೋಡಿ.

ಮನೆಯಲ್ಲಿ ಕೇಳಬಯಸುವವರಿಗೆ ಇನ್ನೊಂದು ಸೌಕರ್ಯವಿದೆ. ಕನ್ನಡದ ಆಕಾಶವಾಣಿ ನಿಲಯಗಳು ಈಗ ಮೊಬೈಲ್ ಫೋನಿನಲ್ಲಿ, ಹಗಲೆನ್ನದೆ ಇರುಳೆನ್ನದೆ, ಸಿಡಿಲಿನ ಕಾಟವಿಲ್ಲದೆ ಸಿಕ್ಕುತ್ತವೆ. ಕಣ್ಣು ಮಂಜಾದ ಅಜ್ಜಿಗೂ ಅಕ್ಷರ ಬಾರದ ಮೊಮ್ಮಗುವಿಗೂ ಸರಿಸಮವಾದ ಮನರಂಜನೆ ಇದೊಂದೇ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಕೇಳಲಿ. ಮಗುವಿಗೆ ಒಂದು ಮಾತು ತಿಳಿಯದಿದ್ದರೆ ಪಕ್ಕದಲ್ಲಿಯೇ ನಿಘಂಟು ಇದೆ, ಆ ನಿಘಂಟಿಗೂ ಮಾತನಾಡಲು ಒಬ್ಬರು ಸಿಕ್ಕಂತಾಯಿತು.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಅದು ಯಾವುದರ ಸುಳಿವೆಂದು ಊಹಿಸಲು ಪತ್ತೇದಾರ ಬೇಕಿಲ್ಲ. ನಾಟಕಕ್ಕೆ ಹೆಸರು ಕೊಡಬಯಸುವ ಮಕ್ಕಳೂ, ಕಳ್ಳರ ಪಾತ್ರಕ್ಕೆ ಒಪ್ಪುವ ಹಿರಿಯರೂ ಊಟದ ಪಂಕ್ತಿಗೆ ಮೊದಲು ನನ್ನನ್ನು ಕಾಣಬೇಕೆಂದು ಕೋರುತ್ತೇನೆ. 

ಜೈ ಕರ್ನಾಟಕ.